ದುಬಾರಿ ಎಲೆಕ್ಟ್ರಿಕ್ ಕಾರಿನ ಮಾರಾಟದ ಲೆಕ್ಕ ಓದುವುದು ಹೇಗೆ?

ಕೊಡಗಿನ ಗೋಣಿಕೊಪ್ಪದ ಹತ್ತಿರ ಒಂದು ಕಾಫಿ ಕಣ. ರೊಬಸ್ಟಾ ಒಣಗುತ್ತಿತ್ತು. ತೋಟದ ಯಜಮಾನರು ಮೊಬೈಲ್ ತೋರಿಸಿದರು: 'ಪೋರ್ಷೆ ಕಂಪನಿಯ ಎಲೆಕ್ಟ್ರಿಕ್ ಕಾರು ಟೈಕಾನ್, ಅವರದೇ ಪೆಟ್ರೋಲ್ ಕಾರು 911ನ್ನು ಮಾರಾಟದಲ್ಲಿ ಹಿಂದೆ ಹಾಕಿದೆ. ಇನ್ನು ಪೆಟ್ರೋಲ್ ಕಾರು ತಗೊಂಡ್ರೆ ದುಡ್ಡು ದಂಡ ಅಲ್ವಾ?' ಸುದ್ದಿ 2021ರದು. ಕಾಫಿ ದುಡ್ಡು ಕೈಗೆ ಬಂದಾಗ ಹೀಗೆ ಒಂದೇ ಅಂಕಿ ನೋಡಿ ತೀರ್ಮಾನಿಸಿದವರನ್ನು ಬಹಳ ಕಂಡಿದ್ದೇನೆ.

ಮೊದಲು ಅಂಕಿ ಯಾವ ವರ್ಷದ್ದು, ಯಾವ ದೇಶದ್ದು, ಕಾರು ಗ್ರಾಹಕರ ಕೈ ಸೇರಿದೆಯೋ ಬರೀ ಡೀಲರ್ ಅಂಗಳ ಸೇರಿದೆಯೋ ನೋಡಿ. ಇಷ್ಟು ಹೇಳದ ಅಂಕಿಯನ್ನು ಬಿಟ್ಟುಬಿಡಿ.

ಎರಡನೆಯದು ಎದುರಾಳಿಯ ಆಯ್ಕೆ. ಎಡವುವುದೆಲ್ಲ ಇಲ್ಲೇ. ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಚೀಲದ ದರವನ್ನು ರೊಬಸ್ಟಾ ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ದರದ ಪಕ್ಕ ಇಟ್ಟು ಯಾರಾದರೂ ಮಾತಾಡುತ್ತಾರಾ? 2021ರಲ್ಲಿ ಟೈಕಾನ್ 41,296 ಹೋಗಿದ್ದು, '911' ಮಾಡೆಲ್ 38,464 ಹೋಗಿದ್ದು ನಿಜ. ಆದರೆ 911 ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ನಾಲ್ಕು ಬಾಗಿಲಿನ ಟೈಕಾನ್‌ಗೆ ಸರಿಜೋಡಿ ಅದೇ ಕಂಪನಿಯ, ಪೆಟ್ರೋಲ್ ಎಂಜಿನ್ನಿನ ನಾಲ್ಕು ಬಾಗಿಲಿನ ಪನಮೇರಾ. ಒಂದು ಹಾಳೆಯಲ್ಲಿ ವರ್ಷವಾರು ಬರೆಯಿರಿ. ಪೆನ್ಸಿಲೇ ಒಳ್ಳೆಯದು, ಮೊಬೈಲ್‌ನ ಬಣ್ಣದ ಗ್ರಾಫ್ ಬೇಡ.

2021: ಟೈಕಾನ್ 41,296, ಪನಮೇರಾ 30,220.
2022: 34,801, 34,142.
2023: 40,629, 34,020.
2024: 20,836, 29,587.

ಇವು ಇಡೀ ಪ್ರಪಂಚದ ಲೆಕ್ಕ. ಮೂರು ವರ್ಷ ಎಲೆಕ್ಟ್ರಿಕ್ ಮುಂದಿತ್ತು, ನಾಲ್ಕನೇ ವರ್ಷ ಅರ್ಧಕ್ಕೆ ಇಳಿಯಿತು. ಮಾಡೆಲ್ ಬದಲಾವಣೆ ಮತ್ತು ಎಲೆಕ್ಟ್ರಿಕ್ ಕಡೆಗೆ ಜನ ನಿಧಾನವಾಗಿ ಬರುತ್ತಿರುವುದು ಕಾರಣ ಅಂತ ಕಂಪನಿಯೇ ಹೇಳಿತು. 911? ಆ ವರ್ಷ 50,941. ಕಡಿಮೆ ಅಂದರೂ ನಾಲ್ಕು ವರ್ಷದ ಲೆಕ್ಕ ಬೇಕು ಅನ್ನುವುದು ಇದಕ್ಕೇ.

ಅಂದ ಹಾಗೆ, ಟೆಸ್ಲಾ ತನ್ನ ಮಾಡೆಲ್ ಎಸ್ ಸೆಡಾನನ್ನು ಬೇರೆಯಾಗಿ ಎಣಿಸಿ ಕೊಡುವುದಿಲ್ಲ, ಇತರ ಮಾಡೆಲ್‌ಗಳ ಜೊತೆ ಸೇರಿಸುತ್ತದೆ. ವಿಡಿಯೊಗಳಲ್ಲಿ ಬರುವ ಅದರ ಲೆಕ್ಕ ಅಂದಾಜು ಅಷ್ಟೇ.

ಮೂರನೆಯದು ತೆರಿಗೆ. ನಮ್ಮಲ್ಲಿ ಎಲೆಕ್ಟ್ರಿಕ್‌ಗೆ ಜಿಎಸ್‌ಟಿ 5%, ದೊಡ್ಡ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ 40%. ಕರ್ನಾಟಕವು 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ 10% ಆಜೀವ ತೆರಿಗೆ ತಂದಿತು. ಹಾಗಾಗಿ ಹೊರದೇಶದ ಲೆಕ್ಕ ಹಿಡಿದು ಬೆಂಗಳೂರಿನ ಶೋರೂಮ್‌ಗೆ ಹೋಗಬೇಡಿ.

ಕೊನೆಗೆ ನಮ್ಮ ಜಿಲ್ಲೆಯ ಲೆಕ್ಕ. ವಾಹನ ನೋಂದಣಿಯ ಅಂಕಿ ಕೊಡುವ ಸರ್ಕಾರಿ ಜಾಲತಾಣ ವಾಹನ್ ಡ್ಯಾಶ್‌ಬೋರ್ಡ್‌ನಲ್ಲಿ ಮಡಿಕೇರಿ ಆರ್‌ಟಿಒ, ಅಂದರೆ ಕೆಎ-12 ಆರಿಸಿ. ಕಂಪನಿ, ಇಂಧನ ಸಿಗುತ್ತದೆ, ಮಾಡೆಲ್ ಸಿಗುವುದಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾಗಿ ಇಲ್ಲಿ ಓಡುವ ಕಾರುಗಳೂ ಅದರಲ್ಲಿ ಬರುವುದಿಲ್ಲ.

ಯಜಮಾನರು ಕಾಫಿ ಕ್ಯೂರಿಂಗ್ (ಸಂಸ್ಕರಣೆ) ಬಿಲ್ಲಿನ ಹಿಂದೆ ನಾಲ್ಕೂ ಸಾಲು ಬರೆದುಕೊಂಡರು. 2022ರ ಸಾಲಿಗೆ ಬೆರಳಿಟ್ಟು, 'ಇಲ್ಲಿ ಎರಡೂ ಸಮ ಅಲ್ವಾ?' ಅಂದರು. ಆಮೇಲೆ ಶೋರೂಮ್‌ಗೆ ಫೋನ್ ಮಾಡಿ, ಆ ವಾರದ ಭೇಟಿಯನ್ನು ಮುಂದಕ್ಕೆ ಹಾಕಿದರು.