ಚಳಿಗೆ ಸೆಕೆಂಡ್ ಗೇರ್ ಬೀಳದಿದ್ದಾಗ ನಾನು ಆಯಿಲ್ ಬದಲಿಸಿದ್ದು

ಮೈನಸ್ 20 ಡಿಗ್ರಿಯ ಚಳಿಯಲ್ಲಿ ರಾತ್ರಿಯೆಲ್ಲ ಬಯಲಲ್ಲಿ ನಿಂತ ಲಾರಿ. ಬೆಳಗ್ಗೆ ಹೊರಡುವಾಗ ಗೇರ್ ಲಿವರ್ ನೆಲಕ್ಕೆ ಹೂತ ಗೂಟದ ಹಾಗೆ ಬಿಗಿ. ಫಸ್ಟ್ ಹೇಗೋ ಬೀಳುತ್ತಿತ್ತು. ಸೆಕೆಂಡಿಗೆ ಎಳೆದರೆ ಒಳಗಿನಿಂದ ತಳ್ಳುತ್ತಿತ್ತು, ಬಲವಂತ ಮಾಡಿದರೆ ಕರ್ರೆನ್ನುತ್ತಿತ್ತು. ಹತ್ತು ಹನ್ನೆರಡು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಗೇರೂ ಸಲೀಸು.

ಗೇರ್ ಬೀಳುವ ಮುಂಚೆ ವೇಗ ಸಮ ಮಾಡುವ ಸಿಂಕ್ರೊನೈಸರ್ ರಿಂಗ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಎಂದರು ವರ್ಕ್‌ಶಾಪಿನವರು. ನನ್ನ ಮನಸ್ಸು ಒಪ್ಪಲಿಲ್ಲ. ಸವೆದ ರಿಂಗ್ ಬಿಸಿಯಾದ ಮೇಲೂ ಕಾಟ ಕೊಡಬೇಕಲ್ಲ? ಬಿಸಿಗೆ ಅಷ್ಟೊಂದು ಬದಲಾಗುವುದು ಆಯಿಲ್.

ಬಾಕ್ಸಿನಲ್ಲಿದ್ದದ್ದು ಬೇಸಿಗೆಯಲ್ಲಿ ಹಾಕಿಸಿದ್ದ 85ಡಬ್ಲ್ಯೂ-140 ಎಂಬ ಮಂದ ಗೇರ್ ಆಯಿಲ್. ಅದನ್ನೇ ಒಂದು ಗಾಜಿನ ಬಾಟಲಿಗೆ, 75ಡಬ್ಲ್ಯೂ-90 ಆಯಿಲನ್ನು ಇನ್ನೊಂದಕ್ಕೆ ಅರ್ಧರ್ಧ ತುಂಬಿ ರಾತ್ರಿ ಹೊರಗಿಟ್ಟೆ. ಬೆಳಗ್ಗೆ ಎರಡನ್ನೂ ಓರೆ ಮಾಡಿದೆ. ಎರಡನೆಯದು ನಿಧಾನವಾಗಿ ಬಾಯಿಯತ್ತ ಹರಿದು ಬಂತು. ಮೊದಲನೆಯದು ಮೇಣದಂತೆ ತಳದಲ್ಲೇ ಕೂತಿತ್ತು, ಅದರಲ್ಲಿ ಚುಚ್ಚಿದ ಕಡ್ಡಿ ನೆಟ್ಟಗೆ ನಿಂತಿತ್ತು. ಗೇರ್‌ಬಾಕ್ಸ್ ಒಳಗೇನಾಗುತ್ತಿದೆ ಎಂಬುದು ನನಗೆ ಆಗಲೇ ಹೊಳೆದದ್ದು. ಸಿಂಕ್ರೊನೈಸರ್ ರಿಂಗ್ ಗೇರಿನ ಪಕ್ಕದ ಇಳಿಜಾರು ಮೈಯ (ಕೋನ್) ಮೇಲಿನ ಆಯಿಲ್ ಪದರವನ್ನು ಹಿಂಡಿ ತೆಗೆದು ಲೋಹವನ್ನು ಹಿಡಿಯಬೇಕು. ಹಿಡಿದರೆ ಮಾತ್ರ ಎರಡರ ವೇಗ ಸಮನಾಗಿ ಗೇರ್ ಬೀಳುತ್ತದೆ. ಮೇಣದಂಥ ಪದರವನ್ನು ಅದು ಹಿಂಡುವುದಾದರೂ ಹೇಗೆ!

ಡಬ್ಲ್ಯೂ ಮುಂಚಿನ ಅಂಕಿಯೇ ಚಳಿಯ ಅಂಕಿ. ಗೇರ್ ಆಯಿಲಿನ ದರ್ಜೆ ಗೊತ್ತುಮಾಡುವ ಎಸ್‌ಎಇ ಲೆಕ್ಕದಲ್ಲಿ, ಆಯಿಲಿನ ಮಂದತನ 1,50,000 ಸೆಂಟಿಪಾಯ್ಸ್ (ಮಂದತನದ ಅಳತೆ) ದಾಟದೆ ಇರಬೇಕಾದ ಚಳಿಯ ಮಿತಿ 85ಡಬ್ಲ್ಯೂಗೆ ಮೈನಸ್ 12 ಡಿಗ್ರಿ, 80ಡಬ್ಲ್ಯೂಗೆ ಮೈನಸ್ 26, 75ಡಬ್ಲ್ಯೂಗೆ ಮೈನಸ್ 40. ನನ್ನ ಆಯಿಲ್ ತನ್ನ ಮಿತಿಯನ್ನು ಎಂದೋ ದಾಟಿತ್ತು. 80ಡಬ್ಲ್ಯೂ ಸಾಕಾಗುತ್ತಿತ್ತೇನೋ, ಆದರೆ ಮಿತಿಯ ಅಂಚಿನಲ್ಲಿ ಓಡಿಸುವುದು ನನಗೆ ಇಷ್ಟವಿಲ್ಲ. ಡಬ್ಲ್ಯೂ ಆದ ಮೇಲಿನ ಅಂಕಿ, ಅಂದರೆ ಬಿಸಿಯ ಅಂಕಿ, 90 ಇರಲಿ ಎಂದುಕೊಂಡೆ. ಲೋಡಿನೊಂದಿಗೆ ಏರು ಹತ್ತುವಾಗ ಬಾಕ್ಸ್ ಬಿಸಿಯಾಗುತ್ತದೆ, ಆಗ ಹಲ್ಲುಗಳ ನಡುವೆ ಪದರ ನಿಲ್ಲಬೇಕು. ಮ್ಯಾನುಯಲ್ ಕೂಡ ಅದನ್ನೇ ಹೇಳುತ್ತಿತ್ತು.

ನಾನು ಇನ್ನೊಂದು ಕಡೆ ಎಡವುವುದರಲ್ಲಿದ್ದೆ. ಅಂಗಡಿಯವರು ಕೈಗಿಟ್ಟ ಡಬ್ಬದ ಮೇಲೆ ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆ ಇತ್ತು. ಜಿಎಲ್-4ಕ್ಕಿಂತ ಐದು ಒಳ್ಳೆಯದು ಎಂಬುದು ಅವರ ಮಾತು. ಹಾಗಲ್ಲ. ಜಿಎಲ್-5 ಇರುವುದು ಮುಖ್ಯವಾಗಿ ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಗೇರುಗಳಿಗೆ. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕೆಂದೇ ಗಂಧಕ-ರಂಜಕದ ಅಂಶವನ್ನು ಜಿಎಲ್-4ರ ಸುಮಾರು ಎರಡರಷ್ಟು ಸೇರಿಸಿರುತ್ತಾರೆ. ಆ ಗಂಧಕ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗನ್ನು ತಿನ್ನಬಹುದು, ಜಾರುತನ ಹೆಚ್ಚಾಗಿ ರಿಂಗಿನ ಹಿಡಿತವೂ ತಪ್ಪಬಹುದು. ನನ್ನ ಬಾಕ್ಸಿಗೆ ಬರೆದಿದ್ದದ್ದು ಜಿಎಲ್-4, ಹುಡುಕಿ ಅದನ್ನೇ ತಂದೆ. ಎಲ್ಲ ಲಾರಿಗೂ ಇದೇ ಎಂದು ದಯವಿಟ್ಟು ತಿಳಿಯಬೇಡಿ. ಸಿಂಕ್ರೊನೈಸರ್ ಇಲ್ಲದ ದೊಡ್ಡ ಬಾಕ್ಸುಗಳಿಗೆ ಎಂಟಿ-1 ಎಂಬ ಬೇರೆ ದರ್ಜೆಯೇ ಇದೆ. ಕೆಲವು ಬಾಕ್ಸುಗಳಿಗೆ ಎಂಜಿನ್ ಆಯಿಲಿನಂಥ 50ರ ಸಿಂಥೆಟಿಕ್, ಕೆಲವಕ್ಕೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕಬೇಕು.

ಬದಲಿಸುವ ದಿನ ಮೊದಲು ಲಾರಿಯನ್ನು ಚೆನ್ನಾಗಿ ಓಡಿಸಿ ಬಾಕ್ಸ್ ಬಿಸಿ ಮಾಡಿದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿದೆ. ಹಳೆಯದನ್ನೆಲ್ಲ ಇಳಿಸಿದ ಮೇಲೆ ಅದು ಬಿಚ್ಚಲಾಗದಿದ್ದರೆ ಲಾರಿ ಅಲ್ಲೇ ನಿಂತುಬಿಡುತ್ತದೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದುಬಣ್ಣದ ನಯವಾದ ಲೇಪವಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ಒಂದು ಚೂರೂ ತಾಗಲಿಲ್ಲ. ಚಕ್ಕೆ ಸಿಕ್ಕಿದ್ದರೆ ಬಾಕ್ಸ್ ಇಳಿಸುವ ಮಾತಿಗೆ ನಾನೂ ತಲೆಬಾಗುತ್ತಿದ್ದೆ. ಹೊಸ ಆಯಿಲ್ ಡಬ್ಬವನ್ನು ಬೆಚ್ಚಗಿನ ಕೋಣೆಯಲ್ಲಿ ಇಟ್ಟಿದ್ದರಿಂದ ಸರಾಗವಾಗಿ ಇಳಿಯಿತು. ಫಿಲ್ಲರ್ ತೂತಿನ ಅಂಚಿಗೆ ಬಂದು ತೊಟ್ಟಿಕ್ಕುವವರೆಗೆ ತುಂಬಿದೆ.

ಮರುದಿನ ಬೆಳಗ್ಗೆಯೂ ಅಷ್ಟೇ ಚಳಿ. ಮೊದಲ ಎರಡು ಮೂರು ಸಲ ಲಿವರ್ ಸ್ವಲ್ಪ ಭಾರವಿತ್ತು, ಆದರೆ ಸೆಕೆಂಡ್ ಸದ್ದಿಲ್ಲದೆ ಬಿತ್ತು. ಈಗಲೂ ಸ್ಟಾರ್ಟ್ ಮಾಡಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್‌ನಿಂದ ಕಾಲು ತೆಗೆದು ಐದು ನಿಮಿಷ ಬಿಡುತ್ತೇನೆ. ಕ್ಲಚ್ ಒತ್ತಿಯೇ ಕೂತರೆ ಒಳಗಿನ ಶಾಫ್ಟ್ ತಿರುಗುವುದಿಲ್ಲ, ಆಯಿಲ್ ಕದಡುವುದೂ ಇಲ್ಲ.