ಎಸ್ಪ್ರೆಸೊ ಯಂತ್ರಗಳನ್ನು ಹೋಲಿಸಿ ನೋಡುವುದು ಹೇಗೆ?

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ ‘15 ಬಾರ್’, ‘20 ಬಾರ್’ ಲೆಕ್ಕವನ್ನು ಮೊದಲು ಬದಿಗಿಡಿ. ನೀರಿಗೆ ಹೊರಹೋಗಲು ದಾರಿಯೇ ಇಲ್ಲದಾಗ ಪಂಪು ಮುಟ್ಟಬಲ್ಲ ಗರಿಷ್ಠ ಒತ್ತಡ ಅದು. ಎಸ್ಪ್ರೆಸೊಗೆ ಪುಡಿಯ ಮೇಲೆ ಬೇಕಿರುವುದು ಸುಮಾರು 9 ಬಾರ್ ಮಾತ್ರ. ಯಂತ್ರದ ಯೋಗ್ಯತೆ ತಿಳಿಯುವುದು ಬಿಸಿಯಲ್ಲಿ. ಮೊದಲ ಕಪ್‌ನಂತೆಯೇ ಐದನೆಯದೂ ಇಳಿಯುತ್ತದೆಯೇ ಎಂಬುದರಲ್ಲಿ.

ಯಂತ್ರವೊಂದನ್ನು ಬಿಟ್ಟು ಬೇರೇನೂ ಬದಲಾಗಬಾರದು. ಹುರಿದು ಒಂದೆರಡು ವಾರವಾದ ಒಂದೇ ಬೀಜ, ಒಂದೇ ಗ್ರೈಂಡರ್, ಒಂದೇ ನೀರು. ಬೋರ್‌ವೆಲ್‌ನ ಗಡಸು ನೀರು ಬೇಡ. ಚಿಕೋರಿ ಬೆರೆಸಿದ ಪುಡಿಯಂತೂ ಬೇಡವೇ ಬೇಡ. ಚಿಕೋರಿ ಕಾಫಿಗಿಂತ ಬಹಳ ಹೆಚ್ಚು ಕರಗುವುದರಿಂದ, ಯಂತ್ರ ಕಾಫಿಯ ಸಾರವನ್ನು ಸರಿಯಾಗಿ ಇಳಿಸದಿದ್ದರೂ ಡಿಕಾಕ್ಷನ್ ಗಟ್ಟಿಯಾಗಿಯೇ ಕಾಣುತ್ತದೆ.

ಪುಡಿ ಹಾಕುವ ಬಾಸ್ಕೆಟ್ಟನ್ನು ತಿರುವಿ ನೋಡಿ. ಹೊರತಳದಲ್ಲಿ ಒಂದೇ ತೂತಿದ್ದರೆ ಅದು ಪ್ರೆಶರೈಸ್ಡ್ ಬಾಸ್ಕೆಟ್, ಅಂದರೆ ಆ ಕಿರಿದಾದ ತೂತಿನಿಂದಲೇ ಒತ್ತಡ ಹುಟ್ಟಿಸುವಂಥದ್ದು. ಹಳಸಿದ ಪುಡಿಗೂ ಅದು ನೊರೆ ಎಬ್ಬಿಸುತ್ತದೆ. ನೊರೆಗೆ ಮರುಳಾಗದೆ, ತಳದ ತುಂಬ ಸಣ್ಣ ತೂತುಗಳಿರುವ ಬಾಸ್ಕೆಟ್ ಹಾಕಿ.

ಇನ್ನು ಪರೀಕ್ಷೆ. ‘ರೆಡಿ’ ದೀಪ ಹತ್ತಲು ಹಿಡಿದ ಸಮಯ ಬರೆದುಕೊಳ್ಳಿ, ಆದರೆ ಅದನ್ನು ಪೂರ್ತಿ ನಂಬಬೇಡಿ: ಒಳಗಿನ ನೀರು ಕಾದರೂ, ಬಾಸ್ಕೆಟ್ ಕೂರಿಸಿ ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯ ತುದಿಯ ಲೋಹ ತಣ್ಣಗೇ ಇರಬಹುದು. ಪುಡಿ ಹಾಕದೆ ಒಮ್ಮೆ ಬಿಸಿನೀರು ಹಾಯಿಸಿ. ಆಮೇಲೆ 18 ಗ್ರಾಂ ಪುಡಿ ತೂಗಿ ಹಾಕಿ, ಸಮವಾಗಿ ಒತ್ತಿ, ಕಪ್ಪನ್ನು ತೂಕದ ಯಂತ್ರದ ಮೇಲಿಡಿ. 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಬಾಸ್ಕೆಟ್ ಚಿಕ್ಕದಾದರೆ 14 ಗ್ರಾಂ ಹಾಕಿ 28 ಗ್ರಾಂ ಇಳಿಸಿ. ಹದಿನೈದು ಸೆಕೆಂಡಿಗೇ ಸುರಿದು ಹುಳಿಹುಳಿಯಾದರೆ ಪುಡಿ ಇನ್ನಷ್ಟು ನುಣ್ಣಗಾಗಬೇಕು; ತೊಟ್ಟಿಕ್ಕುತ್ತ ನಲವತ್ತು ದಾಟಿ ಕಹಿಯಾದರೆ ತುಸು ತರಿಯಾಗಬೇಕು. ಹದ ಸಿಕ್ಕ ಮೇಲೆ ಗ್ರೈಂಡರ್ ಮುಟ್ಟದೆ, ಎರಡೆರಡು ನಿಮಿಷ ಬಿಟ್ಟು ಐದು ಕಪ್ ತೆಗೆದು, ಪ್ರತಿಯೊಂದರ ತೂಕ, ಸಮಯ ಬರೆಯಿರಿ.

ಬಿಸಿ ಅಳೆಯಲು ತೆಳು ತಂತಿಯ ಥರ್ಮೋಕಪಲ್ಲನ್ನು ಪುಡಿಯ ಮೇಲ್ಭಾಗಕ್ಕೆ ತಾಗುವಂತೆ ಕೂರಿಸುತ್ತಾರೆ. 90ರಿಂದ 96 ಡಿಗ್ರಿ ಸೆಲ್ಸಿಯಸ್ ಒಳಗಿದ್ದು, ಕಪ್ಪಿನಿಂದ ಕಪ್ಪಿಗೆ ಹೊಯ್ದಾಡಬಾರದು. ಮಾಪಕ ಸರಿಯಿದೆಯೇ ಎಂದು ಮೊದಲು ಕುದಿಯುವ ನೀರಿನಲ್ಲಿ ನೋಡಿ. ಮಂಗಳೂರಿನಲ್ಲಿ 100 ತೋರಿಸುವ ಮಾಪಕ ಬೆಂಗಳೂರಿನಲ್ಲಿ 97ರ ಆಸುಪಾಸು ತೋರಿಸುತ್ತದೆ. ಅದು ಎತ್ತರದ ಪ್ರಭಾವ, ಮಾಪಕ ಕೆಟ್ಟಿಲ್ಲ.

ಫ್ರಿಜ್ಜಿನಿಂದ ತೆಗೆದ 150 ಮಿ.ಲೀ. ಹಾಲು ಹಬೆಯಲ್ಲಿ 60 ಡಿಗ್ರಿಗೆ ಏರಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಹಬೆಗೂ ಕಾಫಿಗೂ ಒಂದೇ ಬಾಯ್ಲರ್ ಇರುವ ಯಂತ್ರಗಳ ತೊಂದರೆ ಗೊತ್ತಾಗುವುದು ಇದರ ನಂತರ: ಅತಿಯಾಗಿ ಕಾದ ನೀರನ್ನು ಹೊರಬಿಡದೆ ಮುಂದಿನ ಕಪ್ ತೆಗೆದರೆ ಕಾಫಿ ಸುಟ್ಟ ರುಚಿ ಕೊಡುತ್ತದೆ. ನಾಲ್ಕು ಜನರಿಗೆ ಒಟ್ಟಿಗೆ ಕಾಫಿ ಮಾಡುವ ಮನೆಯಲ್ಲಿ ಇದು ದಿನದ ಕಿರಿಕಿರಿ.

ರುಚಿ ನೋಡುವವರಿಗೆ ಯಾವ ಕಪ್ ಯಾವ ಯಂತ್ರದ್ದೆಂದು ಹೇಳಬೇಡಿ. ಒಮ್ಮೆ ಹಾಲಿಲ್ಲದೆ, ಒಮ್ಮೆ ಹಾಲು ಬೆರೆಸಿ ಕೊಡಿ. ನಮ್ಮಲ್ಲಿ ಹೆಚ್ಚಿನವರು ಕುಡಿಯುವುದು ಎರಡನೆಯದನ್ನೇ. ದುಡ್ಡು ಕೊಡುವ ಮುನ್ನ, ಹಿಡಿಕೆ ಕೂರುವ ಜಾಗದ ರಬ್ಬರ್ ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಕಾಲಕ್ರಮೇಣ ಗಡುಸಾಗಿ ಸೋರುವುದು ಅದೇ.