ಫರ್ಸಿ ಎತ್ತೋ 1 ಟನ್ ಗ್ಯಾಂಟ್ರಿ: ಡಿಸೈನ್ ಹ್ಯಾಂಗ ಮಾಡ್ಬೇಕು

ಶಹಾಬಾದ್, ಚಿತ್ತಾಪುರ ಕಡೆ ಪಾಲಿಶ್ ಮಷೀನಿನವ್ರಿಗೆ ಗ್ಯಾಂಟ್ರಿ (ಕಾಲಿನ ಮ್ಯಾಗ ಅಡ್ಡ ಬೀಮ್ ಇಟ್ಟು ಭಾರ ಎತ್ತೋ ಚೌಕಟ್ಟು) ಮಾಡಿಕೊಡೋರಿಗೆ, ಕಲಬುರಗಿ ಕಾಲೇಜಿನಾಗ ಇದನ್ನೇ ಫೈನಲ್ ಇಯರ್ ಪ್ರಾಜೆಕ್ಟ್ ತಗೊಂಡ ಹುಡುಗ್ರಿಗೆ ಇದು. ಭಾಳ ಮಂದಿ ಮೊದ್ಲು ಡ್ರಾಯಿಂಗ್ ಹಾಕಿ, ರಿಪೋರ್ಟಿನ ಕೊನೀ ಪೇಜಿಗೆ ಐಎಸ್ (ಭಾರತೀಯ ಮಾನಕ ಕೋಡ್) ನಂಬರ್ ಬರೀತಾರ. ಅದು ಉಲ್ಟಾ ಕೆಲಸ, ಲೆಕ್ಕದ ಅಂಕಿ ಕೋಡಿನಿಂದ ತಗೊಂಡೇ ಬೀಮ್ ಆರಿಸ್ಬೇಕು.

ಮೊದ್ಲು ತೂಕ. ಫರ್ಸಿ, ಅಂದ್ರ ನೆಲಕ್ಕ ಹಾಸೋ ಕಲ್ಲು, ಒಂದು ಘನ ಮೀಟರಿಗೆ ಸುಮಾರು 2.7 ಟನ್ ಹಿಡೀರಿ. 1.2 ಮೀಟರ್ ಉದ್ದ, 0.6 ಅಗಲ, 0.45 ಎತ್ತರದ ಕಟ್ಟು ಅಂದ್ರ 875 ಕೆಜಿ ಆಗ್ತದ, ಕಬ್ಬಿಣದ ಪ್ಯಾಲೆಟ್ ಸೇರಿ 1 ಟನ್ ಒಳಗ ಬರ್ತದ. ಎತ್ತರ ಅರ್ಧ ಮೀಟರ್ ಮಾಡಿದ್ರ ಕಲ್ಲೇ 970 ಕೆಜಿ, ಪ್ಯಾಲೆಟ್ ಕೂಡಿದ್ರ ಲಿಮಿಟ್ ದಾಟ್ತದ. ಹಂಗಂತ 2 ಟನ್ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತೋ ಸಾಧನ) ತಂದು ಹಾಕಬ್ಯಾಡ್ರಿ, ಬ್ಲಾಕ್ ಮ್ಯಾಗ 2 ಟನ್ ಅಂತ ಕಂಡ್ರ ನಾಳೆ ಯಾರೋ 2 ಟನ್ ತೂಗಹಾಕೇ ಹಾಕ್ತಾರ, ಬೀಮ್ ಅದಕ್ಕ ಮಾಡಿರಂಗಿಲ್ಲ.

ಈಗ ಬೀಮ್. 1000 ಕೆಜಿ, ಬ್ಲಾಕ್ ಮತ್ತ ಅದನ್ನ ಬೀಮಿನಗುಂಟ ಓಡಿಸೋ ಟ್ರಾಲಿಗೆ 50, ಕೈಯಿಂದ ಎಳೆಯೋದಕ್ಕ ಇಂಪ್ಯಾಕ್ಟ್ (ಜಗ್ಗಿದಾಗ ಬೀಳೋ ಹೆಚ್ಚಿನ ಹೊಡೆತ) 10 ಪರ್ಸೆಂಟ್, ಒಟ್ಟು 1155 ಕೆಜಿ, ಅಂದ್ರ 11.3 ಕಿಲೋನ್ಯೂಟನ್. 3 ಮೀಟರ್ ಸ್ಪ್ಯಾನ್ (ಎರಡು ಆಸರೆ ನಡುವಿನ ಅಂತರ) ನಡುವ ಲೋಡ್ ಇದ್ರ ಬೀಮ್ ಬಗ್ಗಿಸೋ ಮೊಮೆಂಟ್ ಡಬ್ಲ್ಯೂ (ಲೋಡ್) ಎಲ್ (ಸ್ಪ್ಯಾನ್) ಬೈ 4, ಸುಮಾರು 8.5 ಕಿಲೋನ್ಯೂಟನ್ ಮೀಟರ್. ಐಎಸ್ 2062ರ ಇ250 ಸ್ಟೀಲಿನ ಯೀಲ್ಡ್ (ಇದನ್ನ ದಾಟಿದ್ರ ಸ್ಟೀಲ್ ಕಾಯಂ ಬಾಗ್ತದ) 250 ಮೆಗಾಪಾಸ್ಕಲ್. ಹುಕ್ಕಿನ ಕೆಳಗಿನ ಸಾಮಾನಿಗೆ ಅಮೆರಿಕದ ಎಎಸ್‌ಎಂಇ ಬಿಟಿಎಚ್-1 ಕೋಡಿನ ಕೆಟಗರಿ ಬಿ ಯೀಲ್ಡ್ ಮ್ಯಾಗ 3ರ ಫ್ಯಾಕ್ಟರ್ ಕೇಳ್ತದ, ಬೀಮಿಗೂ ನಾ ಅದನ್ನೇ ಹಿಡಿತೀನಿ. ಬೇಕಾದ ಸೆಕ್ಷನ್ ಮಾಡ್ಯುಲಸ್ (ಬಾಗೋದನ್ನ ತಡೆಯೋ ಬೀಮಿನ ಆಕಾರದ ಅಳತಿ) 102 ಘನ ಸೆಂಟಿಮೀಟರ್. ಐಎಸ್‌ಎಂಬಿ (ಐ ಆಕಾರದ ಬೀಮ್) 150ರದು 96.9, ಅಂಗಡಿಯವ್ರು ಇಷ್ಟೇ ಕಮ್ಮಿ ಅದ ನಡೀತದ ಬಿಡ್ರಿ ಅಂತಾರ, ಕೇಳಬ್ಯಾಡ್ರಿ, 175 ತಗೋರಿ, ಅದರದು 145. ಬಾಗೋದು ಸುಮಾರು 2.5 ಮಿಲಿಮೀಟರ್, ಐಎಸ್ 800:2007 ಕೈಯಿಂದ ನಡಿಯೋ ಕ್ರೇನಿಗೆ ಸ್ಪ್ಯಾನ್ ಬೈ 500, ಅಂದ್ರ 6 ಮಿಲಿಮೀಟರ್ ತನಕ ಬಿಡ್ತದ. ಮ್ಯಾಗಿನ ಫ್ಲ್ಯಾಂಜ್ (ಬೀಮಿನ ಅಗಲ ಪಟ್ಟಿ) ಪಕ್ಕಕ್ಕ ತಿರುಚಿಕೊಳ್ಳೋದು, ಟ್ರಾಲಿ ಗಾಲಿ ಕೂತಲ್ಲಿ ಕೆಳಗಿನ ಫ್ಲ್ಯಾಂಜ್ ಬಾಗೋದು, ಇವೆರಡೂ ಬ್ಯಾರೆ ಚೆಕ್ ಮಾಡ್ಲೇಬೇಕು. ಕ್ರೇನ್ ಸ್ಟ್ರಕ್ಚರಿಗೆ ಐಎಸ್ 807, ಚೈನ್ ಬ್ಲಾಕಿಗೆ ಐಎಸ್ 3832 ಓದ್ರಿ, ಈ ಕೋಡ್ ಹೊರಡಿಸೋ ಬಿಐಎಸ್ ವೆಬ್‌ಸೈಟಿನಾಗ ಪುಕ್ಕಟೆ ಸಿಗ್ತಾವ.

ಸ್ಲಿಂಗ್ (ಭಾರಕ್ಕ ಕಟ್ಟಿ ಹುಕ್ಕಿಗೆ ಹಾಕೋ ಬೆಲ್ಟ್ ಇಲ್ಲಾ ಸರಪಳಿ) ಆ್ಯಂಗಲ್ ಮರೀಬ್ಯಾಡ್ರಿ. ನೆಲಕ್ಕ 60 ಡಿಗ್ರಿ ಇದ್ರ ಎರಡು ಕಾಲಿನ ಸ್ಲಿಂಗಿನಾಗ ಒಂದೊಂದು ಕಾಲಿಗೆ ಲೋಡಿನ 58 ಪರ್ಸೆಂಟ್, 30 ಡಿಗ್ರಿಗೆ ಇಳಿದ್ರ ಒಂದೊಂದು ಕಾಲೂ ಪೂರಾ 1 ಟನ್ ಎಳೀತದ. ಫರ್ಸಿ ಅಂಚು ಚೂಪು ಇರ್ತದ, ಬೆಲ್ಟ್ ಸ್ಲಿಂಗ್ ಕೊಯ್ತದ, ಅದಕ್ಕೇ ಪ್ಯಾಲೆಟ್ ಬೇಕು ಅನ್ನೋದು. ಸ್ಲ್ಯಾಬಿಗೆ ಹಾಕೋ ಸರಳು ಬಾಗಿಸಿ ಹುಕ್ ಮಾಡಿ ವೆಲ್ಡ್ ಹಚ್ಚೋದು ಖಂಡಿತ ಬ್ಯಾಡ, ಫೋರ್ಜ್ ಮಾಡಿದ, ಟೆಸ್ಟ್ ಸರ್ಟಿಫಿಕೇಟ್ ಇದ್ದ ಹುಕ್ಕೇ ತಗೋರಿ.

ಆಮ್ಯಾಲ ಟೆಸ್ಟ್. ತೂಕ ಮಾಡಿದ ಕಲ್ಲು 1.25 ಟನ್, ನೆಲದಿಂದ ಗೇಣುದ್ದ ಅಷ್ಟೇ ಎತ್ತಿ, ಮಂದಿನ್ನ ದೂರ ನಿಲ್ಲಿಸಿ, ನಡುವಿನ ಬಾಗು ಅಳೀರಿ. ಇಳಿಸಿದ ಮ್ಯಾಗ ಬೀಮ್ ಮೊದಲಿನ ಅಳತಿಗೆ ವಾಪಸ್ ಬರ್ಲಿಲ್ಲಂದ್ರ ಆ ಗ್ಯಾಂಟ್ರಿ ಕೊಡಬ್ಯಾಡ್ರಿ. ಬಂದ್ರ 1 ಟನ್ ಅಂತ ದೂರದಿಂದ ಕಾಣೋಹಂಗ ಪೇಂಟ್ ಹೊಡೆದು, 12 ತಿಂಗಳಿಗೊಮ್ಮೆ ಕಾಂಪಿಟೆಂಟ್ ಪರ್ಸನ್ (ಮಾನ್ಯತೆ ಇದ್ದ ಪರೀಕ್ಷಕ) ಕಡಿಂದ ಚೆಕ್ ಮಾಡಿಸ್ಬೇಕಂತ ಮಾಲಕರ ರಿಜಿಸ್ಟರಿನಾಗ ಬರೆದು ಕೊಡ್ರಿ.